ರಾಜೀವ ಎಲ್ಲಿಗೆ ಹೋದ? – ದೇಶನೂರಿನ ಒಂದು ಚಿತ್ರಮೀಮಾಂಸೆ

ಚಲನಚಿತ್ರಗಳನ್ನು ಅವು ಮುಗಿಯುವ ಹೊತ್ತನ್ನು ಆಧರಿಸಿ ಎರಡು ವರ್ಗಗಳಾಗಿ ವಿಂಗಡಿಸಬಹುದು. ತೆರೆಯ ಮೇಲೆ 'ಶುಭಂ' ಎಂದು ಬಿದ್ದೊಡನೆ ಮುಗಿಯುವಂಥವು ಮೊದಲನೆಯ ವರ್ಗವಾದರೆ, ಶುಭಂ ಬಿದ್ದ ಮೇಲೆ ಪ್ರೇಕ್ಷಕನ ಬೆನ್ನುಹತ್ತಿ ಮನೆಗೆ ಬಂದು, ಅವನ ಊಟ, ನಿದ್ದೆ, ನಾಟಿ, ಬೀಗರೊಂದಿಗಿನ ಮಾತುಕತೆ ಎಲ್ಲದರಲ್ಲಿಯೂ ತಲೆಹಾಕುತ್ತ ವರ್ಷಗಟ್ಟಲೆ ನಡೆಯುವಂಥವು ಎರಡನೆಯ ವರ್ಗ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ದೇಶನೂರಿನಲ್ಲಿ ಈ ಎರಡನೆಯ ವರ್ಗದ ಅಗ್ರಪೀಠವನ್ನು, ಯಾವ ಚುನಾವಣೆಯೂ ನಡೆಯದೆ, 1972ರ ಮಾರ್ಚ್ 31ರಂದು ಬಿಡುಗಡೆಯಾದ 'ಬಂಗಾರದ ಮನುಷ್ಯ' ಆಕ್ರಮಿಸಿಕೊಂಡಿದೆ. ಟಿ.ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ದಲಿಂಗಯ್ಯನವರು ನಿರ್ದೇಶಿಸಿದ, ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ ಈ ಚಿತ್ರದ ಕಥೆಯನ್ನು ಕನ್ನಡ ಓದುಗರಿಗೆ ಹೇಳಹೊರಡುವುದು ಅವರನ್ನು ಅವಮಾನಿಸಿದಂತಾಗುವುದರಿಂದ ಇಲ್ಲಿ ಅದನ್ನು ಕೈಬಿಡಲಾಗಿದೆ.

ಇಂಥ ಚಿತ್ರಗಳು ಏಕೆ ಉಳಿಯುತ್ತವೆ ಎಂಬ ಪ್ರಶ್ನೆಗೆ ಶಾಸ್ತ್ರದಲ್ಲಿ ಉತ್ತರಗಳಿಗೆ ಕೊರತೆಯಿಲ್ಲ. ಭರತನ ನಾಟ್ಯಶಾಸ್ತ್ರದ ಪ್ರಕಾರ ರತಿ, ಶೋಕ, ಉತ್ಸಾಹ ಮೊದಲಾದ ಸ್ಥಾಯಿಭಾವಗಳು, ಎಂದರೆ ಮನುಷ್ಯನ ಮನಸ್ಸಿನಲ್ಲಿ ಸದಾ ನೆಲೆಸಿದ್ದು ಕಾರಣ ಸಿಕ್ಕಿದಾಗ ಏಳುವ ಭಾವಗಳು, ರಂಗದ ಮೇಲಿನ ಅಭಿನಯದಿಂದ ರಸವಾಗಿ ಪರಿಣಮಿಸುತ್ತವೆ. ಅದಕ್ಕೆ ವ್ಯಾಖ್ಯಾನ ಬರೆದ ಕಾಶ್ಮೀರದ ಅಭಿನವಗುಪ್ತನು ರಸಾನುಭವಕ್ಕೆ ಅಡ್ಡಬರುವ ಏಳು ರಸವಿಘ್ನಗಳನ್ನು ಪಟ್ಟಿಮಾಡಿದ್ದಾನೆ. ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಲ್ಲಿ ಸಿಕ್ಕಿಬಿದ್ದು ಎದುರಿಗಿರುವ ನಾಟಕವನ್ನು ನಾಟಕವಾಗಿ ನೋಡಲಾರದೆ ಹೋಗುವುದು ಅವುಗಳಲ್ಲೊಂದು. ದೇಶನೂರಿನ ಪ್ರೇಕ್ಷಕವರ್ಗವು ಅಭಿನವಗುಪ್ತನ ಮೇಲಿನ ಎಲ್ಲ ಗೌರವದೊಂದಿಗೆ ಈ ಒಂದು ವಿಘ್ನದ ವಿಷಯದಲ್ಲಿ ಭಿನ್ನಮತವನ್ನು ಹೊಂದಿದೆ. ಸ್ವಂತ ಗದ್ದೆ, ಸ್ವಂತ ಸಾಲ, ಸ್ವಂತ ದಾಯಾದಿಗಳನ್ನು ಟಾಕೀಸಿನ ಹೊರಗೆ ಬಿಟ್ಟು ಒಳಗೆ ಹೋಗುವವನಿಗೆ ಸಿನಿಮಾ ಅರ್ಥವಾಗಬಹುದಾದರೂ ನೆನಪಿನಲ್ಲಿ ಉಳಿಯುವುದಿಲ್ಲ ಎಂಬುದು ಇಲ್ಲಿಯ ಸಿದ್ಧಾಂತ.

ಈ ಸಿದ್ಧಾಂತಕ್ಕೆ ಅನಿರೀಕ್ಷಿತವಾದ ಬೆಂಬಲ ಬರ್ಲಿನ್ನಿನಿಂದ ದೊರೆಯುತ್ತದೆ. ಅಲ್ಲಿ ಕುರ್ಟ್ ಲೆವಿನ್ ಅವರ ಬಳಿ ಸಂಶೋಧನೆ ನಡೆಸುತ್ತಿದ್ದ ಬ್ಲೂಮಾ ಝೈಗಾರ್ನಿಕ್ ಎಂಬ ಮನೋವಿಜ್ಞಾನಿ 1927ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಪೂರ್ತಿಗೊಂಡ ಕೆಲಸಗಳಿಗಿಂತ ಅರ್ಧಕ್ಕೆ ನಿಂತ ಕೆಲಸಗಳು ನೆನಪಿನಲ್ಲಿ ಹೆಚ್ಚು ಉಳಿಯುತ್ತವೆಂದು ತೋರಿಸಿದರು. ಹೋಟೆಲಿನ ಮಾಣಿಗಳು ಹಣ ಬರುವವರೆಗೆ ಗಿರಾಕಿಯ ತಿಂಡಿತೀರ್ಥಗಳ ವಿವರವನ್ನೆಲ್ಲ ನೆನಪಿಟ್ಟುಕೊಂಡಿದ್ದು, ಹಣ ಬಂದೊಡನೆ ಮರೆಯುತ್ತಿದ್ದ ಸಂಗತಿಯೇ ಈ ಸಂಶೋಧನೆಗೆ ಪ್ರೇರಣೆ ಎಂಬ ಕಥೆಯೂ ಪ್ರಚಾರದಲ್ಲಿದೆ. ಮುಂದಿನ ಸಂಶೋಧಕರೆಲ್ಲರಿಗೂ ಇದೇ ಫಲಿತಾಂಶ ದೊರೆಯಲಿಲ್ಲವಾದರೂ, ದೇಶನೂರಿನ ಚಹಾದಂಗಡಿಯ ಉದ್ರಿ ಪುಸ್ತಕವನ್ನು ಒಮ್ಮೆ ಕಂಡವರು ಝೈಗಾರ್ನಿಕ್ ಅವರನ್ನು ಅನುಮಾನಿಸುವುದಿಲ್ಲ. ತೀರಿದ ಉದ್ರಿಯನ್ನು ಅಡ್ಡಗೆರೆ ಎಳೆದು ಮರೆಯಲಾಗುತ್ತದೆ, ತೀರದ ಉದ್ರಿ ಮಗನ ಕಾಲಕ್ಕೂ ದಾಟುತ್ತದೆ. ಸಿನಿಮಾದ ನೆನಪೂ ಅಷ್ಟೆ.

'ಬಂಗಾರದ ಮನುಷ್ಯ'ದ ಉದ್ರಿಯೆಂದರೆ ಅದರ ಕೊನೆ. ಅಕ್ಕನ ಸಂಸಾರಕ್ಕಾಗಿ ಬಂಡೆ ಒಡೆದು ಬಂಜರನ್ನು ಬಂಗಾರ ಮಾಡಿದ ರಾಜೀವನು, ಎಂದರೆ ರಾಜಕುಮಾರರು, ಸೋದರಳಿಯ ಕೇಶವನ, ಎಂದರೆ ವಜ್ರಮುನಿಯವರ, ಮಾತಿಗೆ ಪ್ರತಿಯಾಗಿ ಒಂದು ಮಾತನ್ನೂ ಆಡದೆ ಊಟಕ್ಕೆ ಕೂತಲ್ಲಿಂದ ಎದ್ದು ಮನೆಬಿಟ್ಟು ನಡೆಯುತ್ತಾನೆ. ಕೇಶವನ ಆ ಮಾತು ತಪ್ಪೆಂದು ಎಲ್ಲರಿಗೂ ತಿಳಿಯುವ ಹೊತ್ತಿಗೆ ಅವನು ಹೋಗಿಯಾಗಿರುತ್ತದೆ. ಅವನು ಹಿಂದಿರುಗುವುದಿಲ್ಲ. ಎಲ್ಲಿಗೆ ಹೋದನೆಂದು ನಿರ್ದೇಶಕರು ಹೇಳುವುದಿಲ್ಲ. ನಗರದ ವಿಮರ್ಶಕರು ಇದನ್ನು ತ್ಯಾಗವೆಂದೋ, ಆದರ್ಶದ ಅತಿರೇಕವೆಂದೋ ಕರೆದು ಮುಂದಿನ ಚಿತ್ರಕ್ಕೆ ಹೋಗಿಬಿಟ್ಟರು. ಭತ್ತ ಬೆಳೆಯುವವರಿಗೆ ಅಷ್ಟು ಸುಲಭವಾಗಿ ಹೋಗಲು ಬರುವುದಿಲ್ಲ.

ಆ ನಿರ್ಗಮನದ ಬಗ್ಗೆ ದೇಶನೂರಿನ ಕಟ್ಟೆಯ ಮೇಲೆ ಎದ್ದಿರುವ ಪ್ರಶ್ನೆಗಳು ಈ ಅಧ್ಯಯನದ ಮುಖ್ಯ ಆಕರಗಳಾದ್ದರಿಂದ ಅವುಗಳನ್ನು ತುಸು ವಿಸ್ತಾರವಾಗಿ ಪರಿಶೀಲಿಸುವುದು ಅಗತ್ಯ. ಮೊದಲನೆಯದು ಕಂದಾಯಕ್ಕೆ ಸಂಬಂಧಿಸಿದ್ದು: "ಅಲ್ರೀ, ಹೊಲದ ಪಾಣಿ ಯಾರ ಹೆಸರಿಗೈತಿ?" ಪಾಣಿ ಎಂದರೆ ಪಹಣಿ, ಜಮೀನಿನ ಒಡೆತನ ಮತ್ತು ಬೆಳೆಯ ವಿವರಗಳಿರುವ ಸರ್ಕಾರಿ ದಾಖಲೆ. ಅದು ರಾಜೀವನ ಹೆಸರಿನಲ್ಲಿದ್ದರೆ ಮನೆಬಿಡಬೇಕಾದವನು ಕೇಶವನೇ ಹೊರತು ರಾಜೀವನಲ್ಲ ಎಂಬುದು ಕಟ್ಟೆಯ ಕಾನೂನು ಪಂಡಿತರ ವಾದ. ಎರಡನೆಯದು ನೀರಾವರಿಗೆ ಸಂಬಂಧಿಸಿದ್ದು: ಅವನು ಹೋದ ರಾತ್ರಿ ಗದ್ದೆಗೆ ನೀರು ಕಟ್ಟಿದವರು ಯಾರು? ಕೇಶವನ ಕೈಯನ್ನು ನೋಡಿದರೆ ಅವನು ಎಂದೂ ಸಲಿಕೆ ಹಿಡಿದವನಲ್ಲವೆಂಬುದು ಸ್ಪಷ್ಟವಾಗಿರುವಾಗ, ಆ ರಾತ್ರಿ ಮಡಿ ಒಡೆದು ನೀರೆಲ್ಲ ಪಕ್ಕದವನ ಪಾಲಾಗಿರಲೇಬೇಕು. ಮಗ ಪರೀಕ್ಷೆಯಲ್ಲಿ ಫೇಲಾದಾಗ ತಲೆಕೆಡಿಸಿಕೊಳ್ಳದ ಗೃಹಸ್ಥರು ಈ ಕಾಲ್ಪನಿಕ ಮಡಿಯ ಕಾಲ್ಪನಿಕ ನೀರಿಗಾಗಿ ಕಣ್ಣುಕೆಂಪಾಗಿಸಿಕೊಂಡು ವಾದಿಸುವುದುಂಟು.

ಮೂರನೆಯ ಪ್ರಶ್ನೆಯೇ ಅತ್ಯಂತ ಗಹನವಾದದ್ದು: ಉಂಡಿರದ ಮನುಷ್ಯ ಎಲ್ಲಿಗೆ ಹೋಗಬಲ್ಲ? ಇದಕ್ಕೆ ಕಟ್ಟೆಯ ಬಹುಮತದ ಉತ್ತರ ಮಂತ್ರಾಲಯ. ಸಿರುಗುಪ್ಪ ಸೀಮೆಯಲ್ಲಿ ಮುನಿಸಿಕೊಂಡು ಮನೆಬಿಟ್ಟವರು ಆದೋನಿಯ ದಾರಿ ಹಿಡಿದು ರಾಯರ ಮಠ ಸೇರುವುದು ರೂಢಿ, ಅಲ್ಲಿ ಬಂದವರಿಗೆ ಊಟವಿದೆ, ಇಲ್ಲಿಂದ ಕೆಳಗೆ ಹರಿಯುವ ತುಂಗಭದ್ರೆಯೇ ಅಲ್ಲಿಗೂ ಹೋಗುವುದರಿಂದ ಬಸ್ಸಿಗೆ ದುಡ್ಡಿಲ್ಲದವನು ನದಿಯ ಜಾಡು ಹಿಡಿದೂ ಮುಟ್ಟಬಹುದು. ಚಿತ್ರದ ಊರು ಸಿರುಗುಪ್ಪ ತಾಲ್ಲೂಕಿನಲ್ಲಿದೆಯೆಂದು ಯಾರೂ ಹೇಳಿಲ್ಲವಲ್ಲ ಎಂಬ ಆಕ್ಷೇಪಕ್ಕೆ, ಇಲ್ಲವೆಂದೂ ಯಾರೂ ಹೇಳಿಲ್ಲ ಎಂಬ ಸಮಾಧಾನ ಸಿದ್ಧವಾಗಿದೆ. ಆದರೆ ಈ ಸುಂದರ ಸಿದ್ಧಾಂತದ ಬುಡಕ್ಕೆ ಕೊಡಲಿ ಹಾಕಿದವರು ಕಟ್ಟೆಯ ಮೂಲೆಯಲ್ಲಿ ಅಡಿಕೆ ಜಗಿಯುತ್ತಿದ್ದ ಹಿರಿಯರೊಬ್ಬರು. 1966ರ 'ಮಂತ್ರಾಲಯ ಮಹಾತ್ಮೆ'ಯಲ್ಲಿ ರಾಘವೇಂದ್ರಸ್ವಾಮಿಗಳ ಪಾತ್ರ ವಹಿಸಿದವರೂ ರಾಜಕುಮಾರರೇ ಆಗಿರುವುದರಿಂದ, "ಅಲ್ಲಿ ಬೃಂದಾವನದಾಗ ತಾನ ಕುಂತಾನ, ಹೊರಗ ಪಂಕ್ತಿಯಾಗ ಎಲಿ ಹಾಕ್ಕೊಂಡು ಕೂಡಾಂವ ಮತ್ಯಾರು?" ಎಂದು ಅವರು ಕೇಳಿದಾಗ ಕಟ್ಟೆ ಮೌನವಾಯಿತು. ಅದ್ವೈತಿಗಳಿಗೆ ಇದರಿಂದ ಯಾವ ತೊಂದರೆಯೂ ಆಗುತ್ತಿರಲಿಲ್ಲ. ಮಂತ್ರಾಲಯವು ದ್ವೈತಪೀಠವಾಗಿರುವುದು, ಎಂದರೆ ದೇವರೂ ಜೀವನೂ ಬೇರೆಬೇರೆ ಎಂದು ಸಾಧಿಸುವ ಮತದ ಮಠವಾಗಿರುವುದು, ತೊಡಕನ್ನು ಹೆಚ್ಚಿಸಿದೆ.

ಪ್ರಸ್ತುತ ಪ್ರಬಂಧದ ಲೇಖಕನು, ವಿಷಯವನ್ನು ಕ್ಷೇತ್ರಕಾರ್ಯದಿಂದಲೇ ಇತ್ಯರ್ಥಪಡಿಸುವ ಸದುದ್ದೇಶದಿಂದ, ಸಿರುಗುಪ್ಪದ ಬಸ್ ನಿಲ್ದಾಣದ ವಿಚಾರಣಾ ಕಿಟಕಿಯಲ್ಲಿ ಬಗ್ಗಿ, ಮಧ್ಯಾಹ್ನದ ಊಟದ ಹೊತ್ತಿಗೆ ಮನೆಬಿಟ್ಟವನಿಗೆ ಆದೋನಿಗೆ ಎಷ್ಟು ಗಂಟೆಯ ಬಸ್ಸು ಸಿಗುತ್ತದೆಂದು ವಿಚಾರಿಸಿದುದೂ, ಯಾರು ಹೋಗುವವರು ಎಂಬ ಪ್ರತಿಪ್ರಶ್ನೆಗೆ 1972ರಲ್ಲಿಯೇ ಹೋದವರು ಎಂದು ಸತ್ಯವನ್ನೇ ನುಡಿದುದೂ, ಒಳಗಿದ್ದವರು ಒಂದು ಕ್ಷಣ ನೋಡಿ ಬಹಳ ಮೆತ್ತಗೆ "ಅವ್ರು ಇಷ್ಟೊತ್ತಿಗೆ ಮುಟ್ಟಿರ್ತಾರ ಬಿಡ್ರಿ" ಎಂದುದೂ ಸಂಶೋಧನಾ ಟಿಪ್ಪಣಿಗಳಲ್ಲಿ ದಾಖಲಾಗಿವೆ. ಲೇಖಕನಿಗೆ ಆ ಉತ್ತರದಿಂದ ದೊರೆತ ನೆಮ್ಮದಿ ಬೇರೆ ಯಾವ ಗ್ರಂಥದಿಂದಲೂ ದೊರೆತಿಲ್ಲ. ಸರದಿಯಲ್ಲಿ ಹಿಂದೆ ನಿಂತಿದ್ದವರು ಎರಡು ಹೆಜ್ಜೆ ಸರಿದು ಜಾಗ ಬಿಟ್ಟುದನ್ನು ಪಾಂಡಿತ್ಯಕ್ಕೆ ಸಂದ ಮರ್ಯಾದೆಯೆಂದು ಪರಿಗಣಿಸಲಾಗಿದೆ.

ಇತರ ಚಿತ್ರಗಳ ವಿಚಾರವನ್ನು ಬೇಗ ಮುಗಿಸಬಹುದು. 'ಕಸ್ತೂರಿ ನಿವಾಸ'ದ (1971) ಪಾರಿವಾಳವನ್ನು ನೆನೆದು, 2014ರಲ್ಲಿ ಅದು ಬಣ್ಣದಲ್ಲಿ ಮರುಬಿಡುಗಡೆಯಾದಾಗಲೂ ಕಪ್ಪುಬಿಳುಪಿನಲ್ಲಿ ಅತ್ತಷ್ಟೇ ಅತ್ತವರಿದ್ದಾರೆ. 'ಶರಪಂಜರ'ದ ಕಾವೇರಿಯ ಕಾರಣದಿಂದ ಗಂಡಂದಿರು ಕೆಲವು ದಿನ ಮನೆಯಲ್ಲಿ ಮೆತ್ತಗೆ ಮಾತಾಡಿದ್ದಾರೆ. 'ನಾಗರಹಾವು' ನೋಡಿದವರು ಚಿತ್ರದುರ್ಗದ ಕೋಟೆಗೆ ಹೋದರೆ ಪಾಳೆಯಗಾರರನ್ನು ಬಿಟ್ಟು ರಾಮಾಚಾರಿಯ ಬಂಡೆ ಯಾವುದೆಂದು ಕೇಳುತ್ತಾರೆ. ಕಾಲುವೆ ನೀರಾವರಿಯನ್ನು ನಂಬಿ ಕರಾವಳಿ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಲ್ಲಿ, ಎಂದರೆ ಹೊಲಗಳ ನಡುವಿನ ವಸತಿಗಳಲ್ಲಿ, 'ಮಾಯಾಬಜಾರ್' ಮತ್ತು 'ಶಂಕರಾಭರಣಂ' ಚಿತ್ರಗಳಿಗೆ ಇದೇ ಮಾನ್ಯತೆಯಿದ್ದು, ಅದರ ವಿವರಕ್ಕೆ ಬೇರೆ ಪ್ರಬಂಧವೇ ಬೇಕು.

ಈಚಿನ ಚಿತ್ರಗಳ ಬಗ್ಗೆ ಒಂದು ಮಾತನ್ನು ಆಡದಿರಲಾಗದು. ಕಥೆ ಅರ್ಧವಾಗಿರುವಾಗ ದೀಪ ಹಾಕಿ, ಎರಡನೆಯ ಭಾಗ ಬರಲಿದೆಯೆಂದು ಪ್ರಕಟಿಸಿ, ಅದನ್ನೇ ಕುತೂಹಲವೆಂದು ಕರೆಯುವ ಪದ್ಧತಿಯು ಈಗ ರೋಗದಂತೆ ಹಬ್ಬಿದೆ. ನಿರ್ದೇಶಕನೇ ಉತ್ತರವನ್ನು ಜೇಬಿನಲ್ಲಿಟ್ಟುಕೊಂಡು ಅದಕ್ಕೆ ಮತ್ತೊಂದು ಟಿಕೆಟ್ಟಿನ ದರ ನಿಗದಿಪಡಿಸಿದ ಮೇಲೆ ಪ್ರೇಕ್ಷಕನು ಕಟ್ಟೆಯ ಮೇಲೆ ಕೂತು ಚರ್ಚಿಸುವುದಕ್ಕೆ ಉಳಿಯುವುದಾದರೂ ಏನು? ಸಿದ್ದಲಿಂಗಯ್ಯನವರು 'ಬಂಗಾರದ ಮನುಷ್ಯ ಭಾಗ ಎರಡು' ತೆಗೆದು ರಾಜೀವನನ್ನು ಮಂತ್ರಾಲಯದಲ್ಲಿ ತೋರಿಸಿಬಿಟ್ಟಿದ್ದರೆ ದೇಶನೂರಿನ ಸಾರ್ವಜನಿಕ ಜೀವನ ಬರಡಾಗುತ್ತಿತ್ತು. "ಅದು ಬರೀ ಸಿನಿಮಾ" ಎಂದು ನಡುವೆ ಬಾಯಿಹಾಕುವವರದು ಇನ್ನೊಂದು ಕಾಟ. ಅವರಿಗೆ ಕಟ್ಟೆಯ ಮೇಲೆ ಜಾಗ ಕೊಡದಿರುವುದೇ ಸರಿ.

ರಾಜೀವನ ವಿಳಾಸವನ್ನು ಹುಡುಕುವ ಈ ಹಟಕ್ಕೆ ಇನ್ನೊಂದು ಕಾರಣವೂ ಇದೆ, ಅದನ್ನು ಹೇಳುವಾಗ ಕಟ್ಟೆಯವರು ನಗುವುದಿಲ್ಲ. ತುಂಗಭದ್ರಾ ಅಣೆಕಟ್ಟಿನ ಕೆಳಮಟ್ಟದ ಕಾಲುವೆಯ ನೀರು ಎಲ್ಲ ಗದ್ದೆಗಳನ್ನೂ ಒಂದೇ ರೀತಿಯಲ್ಲಿ ಮುಟ್ಟುವುದಿಲ್ಲ. ಕೊನೆಯ ಭಾಗದವರು, ಮಳೆಯನ್ನೇ ನಂಬಿದವರು, ಸ್ವಂತ ಹೊಲವೇ ಇಲ್ಲದವರು ಕೆಟ್ಟ ವರ್ಷಗಳಲ್ಲಿ ಗುಳೆ ಹೋಗುತ್ತಾರೆ, ಎಂದರೆ ಮನೆಗೆ ಬೀಗ ಹಾಕಿ, ಮುದುಕರನ್ನು ಊರಲ್ಲಿ ಬಿಟ್ಟು, ಕೂಲಿಗಾಗಿ ಬೆಂಗಳೂರಿನ ಕಟ್ಟಡಗಳತ್ತ ವಲಸೆ ಹೊರಡುತ್ತಾರೆ. ಅವರೂ ಬೆಳಗಾಗುವ ಮೊದಲೇ, ಹೆಚ್ಚು ಮಾತಾಡದೆ ಹೋಗುತ್ತಾರೆ. ಕೆಲವರು ಹಬ್ಬಕ್ಕೆ ಬರುತ್ತಾರೆ, ಕೆಲವರು ಬರುವುದಿಲ್ಲ. ಹೀಗೆ ಹೋದವರ ಮನೆಯ ಹೆಣ್ಣುಮಕ್ಕಳು ರಾಜೀವ ಹೊಸ್ತಿಲು ದಾಟುವ ದೃಶ್ಯದಲ್ಲಿ ಅಳುವುದು ರಾಜಕುಮಾರರಿಗಾಗಿ ಮಾತ್ರವಲ್ಲ, ಅಭಿನವಗುಪ್ತ ಇದನ್ನು ವಿಘ್ನವೆಂದು ಕರೆದರೆ ಕರೆಯಲಿ.

ಕಟ್ಟೆಯ ಸದ್ಯದ ತೀರ್ಮಾನ ಹೀಗಿದೆ: ರಾಜೀವ ಮಂತ್ರಾಲಯಕ್ಕೆ ಹೋದದ್ದು ನಿಜ, ಬೃಂದಾವನದ ಆಕ್ಷೇಪವನ್ನು ಮುಂದಿನ ಸಭೆಗೆ ಕಾಯ್ದಿರಿಸಲಾಗಿದೆ, ಪಹಣಿಯ ಪ್ರಶ್ನೆಯನ್ನು ಗ್ರಾಮ ಆಡಳಿತಾಧಿಕಾರಿಗಳ ಮುಂದೆ ಇಡುವುದಕ್ಕೆ ಯಾರಿಗೂ ಧೈರ್ಯ ಬಂದಿಲ್ಲ. ಚಿತ್ರವನ್ನು ಇನ್ನೂ ನೋಡದ ಓದುಗರು ಯಾರಾದರೂ ಇದ್ದರೆ ಅವಶ್ಯವಾಗಿ ನೋಡಬೇಕು, ಆದರೆ ನಾಟಿಯ ವಾರದಲ್ಲಿ ನೋಡಬಾರದು: ಮಾರನೆಯ ದಿನ ಗದ್ದೆಗೆ ಆಳುಗಳು ಬಂದು ನಿಂತಿರುತ್ತಾರೆ, ಯಜಮಾನ ಬಸ್ ನಿಲ್ದಾಣದಲ್ಲಿರುತ್ತಾನೆ.