ಗಡಿಯಾರಕ್ಕೆ ಕುಸುಬಿ ಎಣ್ಣೆ

ಹಳೆಯ ಕಾರು ಸಾಕಿದವರಿಗೆ ಎಂಜಿನ್ನಿಗಿಂತ ಡ್ಯಾಶ್‌ಬೋರ್ಡಿನ ಗಡಿಯಾರದ ಚಿಂತೆ ದೊಡ್ಡದು. ಕಾರು ನಿಂತರೆ ನೂಕಲು ನಾಲ್ಕು ಜನ ಸಿಗುತ್ತಾರೆ, ಗಡಿಯಾರ ನಿಂತರೆ ನೂಕುವವರು ಯಾರು?

ಅಂದೋಲಾದಲ್ಲಿ ನಮ್ಮ ಮಾಮಾರ ತಗಡಿನ ಶೆಡ್ಡಿನಲ್ಲಿರುವುದು ಪ್ಲಿಮತ್. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿಯವರು ಅಮೆರಿಕದ ಕ್ರೈಸ್ಲರ್‌ನ ಪರವಾನಗಿ ಪಡೆದು 1947ರಿಂದ ಜೋಡಿಸತೊಡಗಿದರಲ್ಲ, ಆ ವಂಶದ್ದು. ನಿಜಾಮರ ಕಾಲದಲ್ಲಿ ಅಂದೋಲಾ ಎಂದರೆ ತಾಲೂಕು. ಈಗ ಆ ಪಟ್ಟ ಜೇವರ್ಗಿಯದು. ಹೋದ ದೊಡ್ಡಸ್ತಿಕೆಯನ್ನು ಧೂಳೊರೆಸಿ ಇಟ್ಟುಕೊಳ್ಳುವುದು ಊರಿಗೇ ರೂಢಿ.

ಕಾರಿನ ಗಡಿಯಾರ ನಾಕೂವರೆಗೆ ನಿಂತು ಎಷ್ಟೋ ಕಾಲವಾಗಿತ್ತು. ಮಾಮಾ ಒಪ್ಪುತ್ತಿರಲಿಲ್ಲ. “ನಿಂತಿಲ್ಲೋ, ಅದು ಬಾಂಬೆ ಟೈಮಿಗಿ ನಡದದ.” ಪೂರ್ತಿ ಬುರುಡೆಯೇನಲ್ಲ. 1906ರಲ್ಲಿ ದೇಶಕ್ಕೆಲ್ಲ ಒಂದೇ ಸಮಯವೆಂದಾದ ಮೇಲೂ ಮುಂಬೈ ತನ್ನ ಹಟ ಬಿಡದೆ, 1955ರವರೆಗೂ 39 ನಿಮಿಷ ಹಿಂದೆಯೇ ನಡೆಯಿತು. ಆದರೆ ಹಿಂದೆ ಬೀಳಬೇಕಾದರೂ ಮೊದಲು ನಡೆಯಬೇಕಲ್ಲ!

ಅರವತ್ತು ಮೈಲಿ ವೇಗದಲ್ಲೂ ರೋಲ್ಸ್ ರಾಯ್ಸ್ ಕಾರಿನಲ್ಲಿ ಎಲ್ಲಕ್ಕಿಂತ ಜೋರಾಗಿ ಕೇಳುವುದು ಗಡಿಯಾರದ ಸದ್ದು ಎಂದು ಡೇವಿಡ್ ಓಗಿಲ್ವಿ 1958ರಲ್ಲಿ ಜಾಹೀರಾತು ಬರೆದು ಹೆಸರಾದ. ನಮ್ಮ ಪ್ಲಿಮತ್ತಿನಲ್ಲಿ ಆ ವೇಗವೂ ಇಲ್ಲ, ಗಡಿಯಾರದ ಸದ್ದೂ ಇಲ್ಲ. ಉಳಿದ ಸದ್ದೆಲ್ಲ ಇದೆ.

ಇಂಥ ಗಡಿಯಾರ ಬ್ಯಾಟರಿಯಿಂದ ನಡೆಯುತ್ತದೆನ್ನುವುದು ಅರ್ಧ ಸತ್ಯ. ನಡೆಸುವುದು ಒಂದು ಪುಟ್ಟ ಸ್ಪ್ರಿಂಗು. ಒಂದೆರಡು ನಿಮಿಷಕ್ಕೆ ಅದಕ್ಕೆ ಸುಸ್ತು. ಆಗ ಎರಡು ಪಾಯಿಂಟು ಕೂಡಿ, ಕರೆಂಟು ಹರಿದು, ಕಾಯಿಲ್ ಅಯಸ್ಕಾಂತವಾಗಿ ‘ಟಕ್’ ಎಂದು ಒದ್ದು ಸ್ಪ್ರಿಂಗನ್ನು ಮತ್ತೆ ಬಿಗಿ ಮಾಡುತ್ತದೆ. ಒದ್ದಾಗೊಮ್ಮೆ ಕಿಡಿ, ಕಿಡಿ ಹಾರಿ ಹಾರಿ ಪಾಯಿಂಟು ಕರ್ರಗಾಗುತ್ತದೆ. ಬ್ಯಾಟರಿ ಸೊರಗಿದ್ದರೆ ಒದೆಗೆ ಬಲ ಸಾಲದೆ, ಪಾಯಿಂಟು ಕೂಡಿಕೊಂಡೇ ಉಳಿದು ಕಾಯಿಲ್ ಸುಡುವುದೂ ಉಂಟು.

ಜೇವರ್ಗಿಯಿಂದ ಗಡಿಯಾರ ರಿಪೇರಿಯವರನ್ನು ಕರೆಸಲಾಯಿತು. ಜೀವಮಾನವೆಲ್ಲ ಎಚ್‌ಎಂಟಿ ಕೈಗಡಿಯಾರ ಬಿಚ್ಚಿದ ಕೈ. ಕಟ್ಟೆಯ ಮೇಲೆ ಹಳೆಯ ಧೋತರ ಹಾಸಿ ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿದ್ದೇ ತಡ, ಎಣ್ಣೆಯ ಸಲಹೆ ಸುರಿಯತೊಡಗಿತು. ದರ್ಜಿ ಹೊಲಿಗೆ ಮಿಶಿನ್ನಿನ ಎಣ್ಣೆಯ ಡಬ್ಬಿಯನ್ನೇ ತಂದ. “ಕೊಬ್ರಿ ಎಣ್ಣಿ ಬಿಡ್ರಿ, ತಂಪಾಗ್ತದ” ಎಂದರು ಇನ್ನೊಬ್ಬರು. ಅತ್ತೆ ಒಳಗಿನಿಂದಲೇ ಕೂಗಿದರು: “ಮನ್ಯಾಗ ಗಾಣದ ಕುಸುಬಿ ಎಣ್ಣಿ ಇರ್ಲಾಕ ಪ್ಯಾಟಿ ಎಣ್ಣಿ ಯಾಕ?”

ರಿಪೇರಿಯವರು ತಲೆಯೆತ್ತಿದರು. “ಅದನ್ನ ಮೊದ್ಲೇ ಯಾರೋ ಹಾಕ್ಯಾರ್ರಿ, ಅವ್ವಾರ.”

ನೋಡಿದರೆ ಗಾಲಿಗಳೆಲ್ಲ ಹಳದಿ ಅಂಟಿನಲ್ಲಿ ಕಚ್ಚಿಕೊಂಡಿವೆ. ನಮ್ಮ ಕಪ್ಪು ಮಣ್ಣಿನ ಕುಸುಬಿಯ ಎಣ್ಣೆ ಒಗ್ಗರಣೆಗೆ ಎಷ್ಟು ಸೊಗಸೋ ಯಂತ್ರಕ್ಕೆ ಅಷ್ಟೇ ಹಗೆ. ಗಾಳಿಗೆ ಅದು ಒಣಗಿ ಪೊರೆಗಟ್ಟುತ್ತದೆ. ಬಣ್ಣ, ವಾರ್ನಿಷುಗಳಿಗೆ ಬೇಕಾಗುವುದು ಆ ಗುಣಕ್ಕೇ. ಅದನ್ನೇ ಕಾಯಿಸಿ ಗಟ್ಟಿ ಮಾಡಿದ ‘ರೋಗನ್’ ಎಂಬ ಲೇಪವನ್ನು ಹಿಂದೆ ಬಾವಿಯಿಂದ ನೀರೆತ್ತುವ ತೊಗಲಿನ ಚೀಲಕ್ಕೆ, ಸೋರದಿರಲೆಂದು ಬಳಿಯುತ್ತಿದ್ದರು. ನಮ್ಮ ಗಡಿಯಾರದಲ್ಲಿ ಇನ್ನು ನೂರು ವರ್ಷ ನೀರಿಳಿಯುವಂತಿರಲಿಲ್ಲ. ಎಲ್ಲರೂ ಅತ್ತೆಯ ಕಡೆ ನೋಡಿದರು. “ನಮ್ಮತ್ತಿ ಹಾಕಿರ್ಬೇಕು” ಎಂದರು ಅತ್ತೆ. ಎದುರುತ್ತರ ಕೊಡಲು ಆ ಹಿರಿಯಜ್ಜಿ ಬದುಕಿರಲಿಲ್ಲ.

ಬಿಡಿಭಾಗಗಳಿಗೆ ಪೆಟ್ರೋಲಿನಲ್ಲಿ ಅಭ್ಯಂಜನವಾಯಿತು. ಪಾಯಿಂಟಿಗೆ ಸಣ್ಣ ಪಾಲಿಶ್ ಕಾಗದ ಆಡಿಸಿದರು. ಆಮೇಲೆ ಗಡಿಯಾರದ ಎಣ್ಣೆಯನ್ನು ಸೂಜಿ ಮೊನೆಯಲ್ಲಿ ಎತ್ತಿ, ಅಚ್ಚಿನ ತುದಿಗಳಿಗಷ್ಟೇ ಮುಟ್ಟಿಸಿದರು. ಗಾಲಿಯ ಹಲ್ಲಿಗಿಲ್ಲ, ಕೂದಲೆಳೆಯ ಸ್ಪ್ರಿಂಗಿಗಿಲ್ಲ, ಪಾಯಿಂಟಿಗಂತೂ ಇಲ್ಲವೇ ಇಲ್ಲ. “ಇಷ್ಟೇನಾ?” ಎಂದರು ಮಾಮಾ, ಕೊಟ್ಟ ರೊಕ್ಕಕ್ಕೆ ಒಂದು ಸೌಟಾದರೂ ಬೇಡವೇ ಎನ್ನುವ ದನಿಯಲ್ಲಿ.

“ಗಡಿಯಾರಕ್ಕ ಎಣ್ಣಿ ಕುಡಸ್ಬಾರ್ದ್ರಿ, ವಾಸ್ನಿ ತೋರಸ್ಬೇಕು.”

ತಂತಿ ಮುಟ್ಟಿಸಿದೊಡನೆ ‘ಟಕ್’. ಮುಳ್ಳು ನಡೆಯಿತು.

ಹೊಸ ಫಜೀತಿ ಶುರುವಾದದ್ದು ಇಲ್ಲಿಂದ. ಗಡಿಯಾರ ಹಗಲೂ ರಾತ್ರಿ ಬ್ಯಾಟರಿಗೆ ಬಾಯಿ ಹಾಕುತ್ತದೆ. ಬ್ಯಾಟರಿ ಇಳಿದರೆ ಕಾಯಿಲ್ಲಿಗೆ ಗಂಡಾಂತರ. ಚಾರ್ಜಾಗಬೇಕೆಂದರೆ ಕಾರು ಓಡಬೇಕು. ಹೀಗಾಗಿ ಮಾಮಾ ಕೆಲಸವಿರಲಿ ಬಿಡಲಿ ಜೇವರ್ಗಿಗೆ ಹೋಗಿ ಬರುತ್ತಾರೆ. ದಾರಿಯಲ್ಲಿ ಕೈ ಮಾಡಿದವರನ್ನೆಲ್ಲ ಹತ್ತಿಸಿಕೊಳ್ಳುತ್ತಾರೆ. ಹತ್ತಿದವರು ಮೊದಲು ಟೈಮು ಕೇಳಬೇಕೆಂಬುದು ಒಂದೇ ಷರತ್ತು.

ಮೊನ್ನೆ ಪಂಪಿನ ಚೀಟಿ ಕೈಗೆ ಸಿಕ್ಕಾಗ ಅತ್ತೆ ಅಂದರು: “ಗಡಿಯಾರಕ್ಕ ಪೆಟ್ರೋಲ್ ಹಾಕ್ಸೋ ಮನಿ ಈ ಜಿಲ್ಲಾದಾಗ ನಮ್ದೊಂದೇ ನೋಡ್ರಿ.”