ವಿನಿಮಯ ವಿದ್ಯಾರ್ಥಿಯ ವೀಸಾ, ವಿಮೆ ಮತ್ತು ಅಡಿಕೆ ತೋಟ: ಕೊಕ್ಕಡದಿಂದ ಒಂದು ತಜ್ಞ ಅಭಿಪ್ರಾಯ

ವಿದೇಶಕ್ಕೆ ವಿನಿಮಯ ವಿದ್ಯಾರ್ಥಿಯಾಗಿ ಹೋಗುವವರ ವೀಸಾ ಮತ್ತು ಆರೋಗ್ಯ ವಿಮೆಯ ಬಗ್ಗೆ ಕೊಕ್ಕಡದಲ್ಲಿ ಅಧಿಕಾರವಾಣಿಯಿಂದ ಮಾತಾಡಬಲ್ಲವನು ಸದ್ಯಕ್ಕೆ ನಾನೊಬ್ಬನೇ. ನನ್ನ ಬಳಿ ಪಾಸ್‌ಪೋರ್ಟ್ ಇಲ್ಲ. ಇದನ್ನು ಕೊರತೆ ಎನ್ನುವವರಿದ್ದಾರೆ. ನಾನು ತಟಸ್ಥತೆ ಎನ್ನುತ್ತೇನೆ. ವೀಸಾ ಸಿಕ್ಕವನು ಗತ್ತಿನಿಂದ ಮಾತಾಡುತ್ತಾನೆ, ಸಿಗದವನು ಹೊಟ್ಟೆಕಿಚ್ಚಿನಿಂದ. ಅರ್ಜಿಯನ್ನೇ ಹಾಕದವನು ಮಾತ್ರ ಶಾಸ್ತ್ರ ಹೇಳಬಲ್ಲ.

ಈ ಶಾಸ್ತ್ರ ಬೆಂಗಳೂರಿನಲ್ಲೋ ಮಣಿಪಾಲದಲ್ಲೋ ಹುಟ್ಟದೆ ಬೆಳ್ತಂಗಡಿ ತಾಲ್ಲೂಕಿನ ಒಂದು ಮೂಲೆಯಲ್ಲಿ ಹುಟ್ಟಿದ್ದೇಕೆ ಎಂದು ಕೇಳಬಹುದು. ಕಾರಣ ಸರಳ. ನಮ್ಮ ಊರದೇವರು ವೈದ್ಯನಾಥೇಶ್ವರ. ಮಗ್ಗುಲಲ್ಲೇ ಸೌತಡ್ಕದ ಮಹಾಗಣಪತಿ. ಆರೋಗ್ಯ ಮತ್ತು ವಿಘ್ನನಿವಾರಣೆ, ಎರಡೂ ಖಾತೆಗಳು ಒಂದೇ ಗ್ರಾಮದ ವ್ಯಾಪ್ತಿಯಲ್ಲಿವೆ. ಕೋರಿ ಜಾತ್ರೆಯಲ್ಲಿ ಚರ್ಮರೋಗ ಗುಣವಾಗಲೆಂದು ಹರಕೆ ಹೊತ್ತವರು ಕೆಸರುಗದ್ದೆಗೆ ಇಳಿಯುತ್ತಾರೆ. ಮೊದಲೇ ಇದ್ದ ಕಾಯಿಲೆ ಎಂಬ ಕಾರಣಕ್ಕೆ ಯಾರನ್ನೂ ಬದುವಿನಿಂದ ವಾಪಸು ಕಳಿಸಿದ್ದಿಲ್ಲ. ಸೌತಡ್ಕದ ಗಣಪನಿಗೆ ಗರ್ಭಗುಡಿಯೇ ಇಲ್ಲ. ಗೋಡೆಯಿಲ್ಲ, ಬಾಗಿಲಿಲ್ಲ, ಆದ್ದರಿಂದ ಅಪಾಯಿಂಟ್‌ಮೆಂಟೂ ಇಲ್ಲ. ಕೆಲಸ ಕೈಗೂಡಿದವರು ಗಂಟೆ ಕಟ್ಟಿ ಹೋಗುತ್ತಾರೆ. ಇಂಥ ಉದಾರ ವ್ಯವಸ್ಥೆಯ ನೆರಳಲ್ಲಿ ಬೆಳೆದವನಿಗೆ ಮಾತ್ರ ಉಳಿದ ವ್ಯವಸ್ಥೆಗಳ ಸೂಕ್ಷ್ಮ ಕಣ್ಣಿಗೆ ಬೀಳುತ್ತದೆ.

ಮೊದಲನೆಯ ತತ್ವ, ಬೇರು. ಅಮೆರಿಕದ 1952ರ ವಲಸೆ ಕಾಯ್ದೆಯಲ್ಲಿ 214(ಬಿ) ಎಂಬ ಕಲಂ ಇದೆ. ಅದರ ಪ್ರಕಾರ ವಿದ್ಯಾರ್ಥಿ ವೀಸಾ ಕೇಳಿ ಬಂದ ಪ್ರತಿಯೊಬ್ಬನೂ ಅಲ್ಲೇ ಬೇರೂರಲು ಹೊರಟವನು. ಅಲ್ಲವೆಂದು ಸಾಬೀತು ಮಾಡುವ ಹೊಣೆ ಅವನದೇ. ಅದಕ್ಕಾಗಿ ನಮ್ಮವರು ಪಹಣಿ ತೆಗೆಸುತ್ತಾರೆ, ಚಾರ್ಟರ್ಡ್ ಅಕೌಂಟೆಂಟರಿಂದ ಆಸ್ತಿ ಮೌಲ್ಯದ ಪತ್ರ ಬರೆಸುತ್ತಾರೆ, ಸೊಸೈಟಿಯ ಠೇವಣಿ ರಶೀದಿ ಜೋಡಿಸುತ್ತಾರೆ. ಎರಡು ಎಕರೆ ಅಡಿಕೆ, ಮರಕ್ಕೆ ಹಬ್ಬಿಸಿದ ಕಾಳುಮೆಣಸು, ಗುಡ್ಡೆಯಲ್ಲಿ ರಬ್ಬರ್. ಇಷ್ಟೆಲ್ಲ ಬಿಟ್ಟು ಹುಡುಗ ಅಲ್ಲಿ ಯಾಕೆ ನಿಲ್ಲುತ್ತಾನೆ ಮಾರಾಯ್ರೆ, ಎಂಬುದು ಕಡತದ ಒಟ್ಟು ವಾದ.

ಇಲ್ಲೊಂದು ತಾಂತ್ರಿಕ ತೊಡಕು. ಬೆಳ್ತಂಗಡಿ ತಾಲ್ಲೂಕಿನ ಅಡಿಕೆ ತೋಟದ ಮುಖ್ಯ ಉತ್ಪನ್ನ ಅಡಿಕೆಯಲ್ಲ, ಇಂಜಿನಿಯರ್. ಅಪ್ಪ ಮೂವತ್ತು ವರ್ಷ ಬೋರ್ಡೋ ದ್ರಾವಣ ಹೊಡೆದದ್ದೇ ಮಗ ಮರ ಹತ್ತಬಾರದೆಂದು. ಹುಡುಗನನ್ನು ಊರಿಗೆ ಕಟ್ಟಿಹಾಕುವ ಸಾಕ್ಷ್ಯವಾಗಿ ನಾವು ಮುಂದಿಡುವ ಆಸ್ತಿ, ಅವನನ್ನು ಊರಿನಿಂದ ಬಿಡಿಸಲೆಂದೇ ಮಾಡಿದ ಆಸ್ತಿ. ಕಾನ್ಸುಲೇಟಿನ ಅಧಿಕಾರಿಗೆ ಇದು ಗೊತ್ತಿಲ್ಲ. ನಾವೂ ಹೇಳುವುದಿಲ್ಲ. ಇದು ಸುಳ್ಳಲ್ಲ, ಅವರು ಕೇಳಲಿಲ್ಲ, ಅಷ್ಟೆ.

ವಿನಿಮಯ ವಿದ್ಯಾರ್ಥಿಗಳ ಜೆ-1 ವೀಸಾದಲ್ಲಿ ಇನ್ನೂ ಒಂದು ಗಂಟು ಇದೆ. 212(ಇ) ಕಲಮಿನ ವ್ಯಾಪ್ತಿಗೆ ಬಂದವರು ಓದು ಮುಗಿಸಿ ಎರಡು ವರ್ಷ ಸ್ವದೇಶದಲ್ಲಿ ಇರಬೇಕು. ಆಮೇಲಷ್ಟೇ ಅಲ್ಲಿ ಖಾಯಂ ನೆಲೆಸುವ ಮಾತು. ಭೂಮಿಯ ಮೇಲೆ ತಾಯಂದಿರ ಪರವಾಗಿ ರಚಿತವಾದ ಏಕೈಕ ವಲಸೆ ಕಾನೂನು ಇದು. ಯಾವ ಕೌಶಲ ಯಾವ ದೇಶಕ್ಕೆ ಬೇಕು ಎಂಬ ಪಟ್ಟಿಯೊಂದರಲ್ಲಿ ಭಾರತವೂ ಇದ್ದುದರಿಂದ ನಮ್ಮ ಅನೇಕ ಹುಡುಗರಿಗೆ ಇದು ತಗಲುತ್ತಿತ್ತು. 2024ರ ಡಿಸೆಂಬರ್ 9ರಂದು ಆ ಪಟ್ಟಿಯಿಂದ ಭಾರತವನ್ನು ಕೈಬಿಟ್ಟರು. ಈಗ ಮುಖ್ಯವಾಗಿ ಸರ್ಕಾರಿ ಹಣದಲ್ಲಿ ಹೋದವರಿಗೆ, ಅಲ್ಲಿ ವೈದ್ಯ ತರಬೇತಿ ಪಡೆಯುವವರಿಗೆ ಆ ಎರಡು ವರ್ಷದ ನಿಯಮ ಉಳಿದಿದೆ. ಈ ತಿದ್ದುಪಡಿಗೆ ಮುನ್ನ ತಾಯಂದಿರ ಅಭಿಪ್ರಾಯ ಕೇಳಲಿಲ್ಲ ಎಂಬುದನ್ನು ಶಾಸ್ತ್ರಕಾರನಾಗಿ ದಾಖಲಿಸುತ್ತೇನೆ.

ಎರಡನೆಯ ತತ್ವ, ಮುಖದರ್ಶನ. 2025ರ ಜನವರಿ 17ರಂದು ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತು. ಕರ್ನಾಟಕದ ದಶಕಗಳ ಬೇಡಿಕೆ ಈಡೇರಿತೆಂದು ಭಾಷಣಗಳಾದವು. ವೀಸಾ ಕೊಡುವ ಕೆಲಸವೊಂದು ಮಾತ್ರ ಅಂದು ಅದರಲ್ಲಿ ಸೇರಿರಲಿಲ್ಲ. ಹಾಗಾಗಿ ನಮ್ಮ ಹುಡುಗ ಪೆರಿಯಶಾಂತಿಯಲ್ಲಿ ಹೆದ್ದಾರಿ ಹಿಡಿದು, ಘಾಟಿ ಹತ್ತಿ, ಬೆಂಗಳೂರು ದಾಟಿ ಚೆನ್ನೈಗೆ ಹೋಗಿ, ಗಾಜಿನ ಕಿಂಡಿಯ ಮುಂದೆ ಕೆಲವೇ ನಿಮಿಷ ನಿಂತು ಬರುತ್ತಾನೆ. ಹೊತ್ತೊಯ್ದ ಪಹಣಿಯನ್ನು ಬಹಳ ಸಲ ಬಿಚ್ಚಿಯೂ ನೋಡುವುದಿಲ್ಲ.

ನೋಡುವುದು ಬೇರೆಯದನ್ನು. 2025ರ ಜೂನ್‌ನಿಂದ ಎಫ್, ಎಂ, ಜೆ ಎಂಬ ವಿದ್ಯಾರ್ಥಿ ಮತ್ತು ವಿನಿಮಯ ವೀಸಾ ವರ್ಗಗಳ ಅರ್ಜಿದಾರರು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಸಾರ್ವಜನಿಕವಾಗಿ ತೆರೆದಿಡಬೇಕು. ಕೊಕ್ಕಡದ ಹುಡುಗನ ಖಾತೆಯಲ್ಲಿ ಸಿಗುವುದು ಯಕ್ಷಗಾನದ ಬಣ್ಣದ ವೇಷದ ಅಬ್ಬರ, ಕಂಬಳದ ಕೋಣ, ಮತ್ತು ಗೆಳೆಯನ ಫೋಟೋದ ಕೆಳಗೆ ತುಳುವಿನಲ್ಲಿ ಹಾಕಿದ ಪ್ರೀತಿಯ ಬೈಗುಳ. ಇದನ್ನು ದೇಶದ ಭದ್ರತೆಯ ದೃಷ್ಟಿಯಿಂದ ಪರಿಶೀಲಿಸಬೇಕಾದರೆ ಅಧಿಕಾರಿಗೆ ತುಳು ಬರಬೇಕು. ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಲು ಇಷ್ಟು ಕಾಲ ಕಾದ ಭಾಷೆಗೆ ವಾಷಿಂಗ್ಟನ್ನಿನಲ್ಲಾದರೂ ಉದ್ಯೋಗಾವಕಾಶ ಹುಟ್ಟಲೆಂದು ನನ್ನ ಶಿಫಾರಸು.

ಮೂರನೆಯ ತತ್ವ, ಬಂಧಿತ ಧನ. ಜರ್ಮನಿಗೆ ವಿದ್ಯಾರ್ಥಿ ವೀಸಾ ಬೇಕಾದರೆ ಸಾಮಾನ್ಯವಾಗಿ ವರ್ಷಕ್ಕೆ 11,904 ಯೂರೊ, ಅಂದರೆ ಹನ್ನೆರಡು ಲಕ್ಷ ರೂಪಾಯಿಯ ಆಸುಪಾಸು, ಮುಂಗಡವಾಗಿ ಒಂದು ಖಾತೆಯಲ್ಲಿ ಇಟ್ಟು ಬೀಗ ಹಾಕಿಸಬೇಕು. ತಿಂಗಳಿಗೆ 992 ಯೂರೊ ಮಾತ್ರ ಹೊರಗೆ ಬರುತ್ತದೆ. ಹಣ ನಮ್ಮದೇ, ಖರ್ಚೂ ನಮ್ಮದೇ, ನಂಬಿಕೆ ಮಾತ್ರ ಅವರದು. ಹುಡುಗ ದುಂದು ಮಾಡಬಾರದೆಂದು ಅವನ ಅಜ್ಜ ಇಷ್ಟೇ ಮುತುವರ್ಜಿ ವಹಿಸಿದ್ದರೆ ಅವರನ್ನು ಜಿಪುಣರೆಂದು ಕರೆಯುತ್ತಿದ್ದೆವು. ಜರ್ಮನಿ ಮಾಡಿದ್ದರಿಂದ ಶಿಸ್ತು ಎನ್ನುತ್ತೇವೆ.

ಈಗ ವಿಮೆಗೆ ಬರೋಣ. ಇಲ್ಲಿ ನನ್ನ ತಜ್ಞತೆ ಪ್ರಶ್ನಾತೀತ, ಏಕೆಂದರೆ ನಾನು ಅಡಿಕೆಗೆ ಹವಾಮಾನ ಆಧಾರಿತ ಬೆಳೆ ವಿಮೆ ಕಟ್ಟಿದವನು. ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ, ರೈತನ ಪಾಲು 6,400. ಈ ವಿಮೆಯ ವೈಶಿಷ್ಟ್ಯವೆಂದರೆ ಅದರಲ್ಲಿ ಯಾರೂ ಮರವನ್ನು ನೋಡುವುದಿಲ್ಲ, ಪಂಚಾಯತಿಯ ಮಳೆಮಾಪಕವನ್ನು ನೋಡುತ್ತಾರೆ. ಕೊಳೆರೋಗದಿಂದ ಕಾಯಿ ಉದುರಿ ತೋಟವೆಲ್ಲ ಹಾಸಿದ್ದರೂ ಮಾಪಕ ಒಪ್ಪದಿದ್ದರೆ ರೋಗ ಬಂದಿಲ್ಲ. ವಿದ್ಯಾರ್ಥಿಗಳ ಆರೋಗ್ಯ ವಿಮೆಯೂ ಹೀಗೆಯೇ: ಅದು ಓದುವುದು ಪಾಲಿಸಿಯನ್ನು, ರೋಗಿಯನ್ನಲ್ಲ.

ಜೆ-1 ವಿದ್ಯಾರ್ಥಿಗೆ ಅಮೆರಿಕದ ನಿಯಮ ಕನಿಷ್ಠ ಮೊತ್ತಗಳನ್ನು ಸ್ಪಷ್ಟವಾಗಿ ಬರೆದಿಟ್ಟಿದೆ. ಪ್ರತಿ ಅಪಘಾತ ಅಥವಾ ಕಾಯಿಲೆಗೆ 1,00,000 ಡಾಲರ್. ರೋಗಿಯನ್ನು ಸ್ವದೇಶಕ್ಕೆ ಸಾಗಿಸಲು 50,000. ಪಾರ್ಥಿವ ಶರೀರ ಕಳಿಸಲು 25,000. ಕಾಯಿಲೆಯೊಂದಕ್ಕೆ ವಿದ್ಯಾರ್ಥಿ ಮೊದಲು ಕೈಯಿಂದ ಹಾಕಬೇಕಾದ ಹಣ 500 ಡಾಲರ್ ಮೀರಬಾರದು. 2015ಕ್ಕೆ ಮೊದಲು ಕಾಯಿಲೆಗೆ 50,000, ಶರೀರಕ್ಕೆ 7,500 ಇತ್ತು. ಅಂದರೆ ಆ ವರ್ಷ ಕಾಯಿಲೆಯ ಮೌಲ್ಯ ಇಮ್ಮಡಿಯಾಯಿತು, ಶರೀರದ್ದು ಮೂರು ಪಟ್ಟನ್ನೂ ಮೀರಿತು. ಬೇಕೆಂದೇ ವಿಮೆ ಬಿಟ್ಟವನ ಕಾರ್ಯಕ್ರಮವನ್ನೇ ರದ್ದು ಮಾಡಬೇಕೆಂಬ ವಿಧಿಯೂ ಉಂಟು. ಮಗನನ್ನು ಓದಲು ಕಳಿಸುವ ತಂದೆ ಈ ಪಟ್ಟಿಯನ್ನು ಮನೆಯಲ್ಲಿ ಗಟ್ಟಿಯಾಗಿ ಓದಬಾರದು. ಓದಲೇಬೇಕಾದರೆ ಮೂರನೆಯ ಸಾಲನ್ನು ಇಂಗ್ಲಿಷಿನಲ್ಲೇ ಓದಿ ಮುಂದೆ ಹೋಗುವುದು.

ಸಾಮಾನ್ಯ ಪಾಲಿಸಿಗಳನ್ನು ನೋಡಿದರೆ ಇನ್ನೊಂದು ಅಂಗರಚನಾ ಸತ್ಯ ಗೊತ್ತಾಗುತ್ತದೆ: ಅಮೆರಿಕದಲ್ಲಿ ಹಲ್ಲು ಮತ್ತು ಕಣ್ಣು ದೇಹಕ್ಕೆ ಸೇರಿದ ಭಾಗಗಳಲ್ಲ. ಅವಕ್ಕೆ ಪ್ರತ್ಯೇಕ ವಿಮೆ. ಆದ್ದರಿಂದ ಹೊರಡುವ ಮೊದಲು ಮಂಗಳೂರಿನಲ್ಲಿ ಹುಳುಕು ಹಲ್ಲು ತುಂಬಿಸಿಕೊಂಡು, ಎರಡು ಜೊತೆ ಕನ್ನಡಕ ಮಾಡಿಸಿಕೊಂಡು ಹೋಗುವುದು ಸಂಪ್ರದಾಯ. ಯುರೋಪಿನ ಷೆಂಗೆನ್ ದೇಶಗಳಿಗೆ ಅಲ್ಪಾವಧಿ ವೀಸಾದಲ್ಲಿ ಹೋಗುವವನಿಗೆ ಕನಿಷ್ಠ 30,000 ಯೂರೊ ವಿಮೆ ಸಾಕು. ಬ್ರಿಟನ್ನಿಗೆ ಆರು ತಿಂಗಳಿಗಿಂತ ಹೆಚ್ಚು ಕಾಲ ಓದಲು ಹೊರಟವನು ಕ್ಷಯ ಇಲ್ಲವೆಂಬ ಪ್ರಮಾಣಪತ್ರ ಕೊಟ್ಟು, ಆರೋಗ್ಯ ಶುಲ್ಕವೆಂದು ವರ್ಷಕ್ಕೆ 776 ಪೌಂಡ್ ಮುಂಗಡ ಕಟ್ಟಬೇಕು. ಕಾಯಿಲೆ ಬೀಳದಿದ್ದರೆ ಹಣ ವಾಪಸಿಲ್ಲ. ಗಟ್ಟಿಮುಟ್ಟಾಗಿರುವವರಿಗೆ ಇದು ದೊಡ್ಡ ನಷ್ಟ.

ಇಷ್ಟು ಅಧ್ಯಯನದ ನಂತರ ನಾನು ತಲುಪಿದ ಸಿದ್ಧಾಂತ ಹೀಗಿದೆ: ಈ ವಿಮೆ ಹುಡುಗನನ್ನು ಆ ದೇಶದಿಂದ ಕಾಪಾಡಲು ಅಲ್ಲ, ಆ ದೇಶವನ್ನು ಹುಡುಗನಿಂದ ಕಾಪಾಡಲು. ಅವನ ಜ್ವರ ಅವರ ಆಸ್ಪತ್ರೆಯ ಸಾಲವಾಗಬಾರದು, ಅವನ ಹಸಿವು ಅವರ ಖಜಾನೆಗೆ ತಾಗಬಾರದು. ಇದರಲ್ಲಿ ತಪ್ಪೇನೂ ಇಲ್ಲ. ಮನೆಯ ಯಜಮಾನ ಯೋಚಿಸುವುದೇ ಹೀಗೆ. ಆದರೆ ಸಿದ್ಧಾಂತವೆಂದ ಮೇಲೆ ಎರಡೂ ದಿಕ್ಕಿನಲ್ಲಿ ಪರೀಕ್ಷಿಸಬೇಕಲ್ಲ? ಅಲ್ಲಿಂದ ಇಲ್ಲಿಗೆ ಬಂದ ಇಬ್ಬರು ಅತಿಥಿಗಳನ್ನು ನೋಡೋಣ.

1853ರಲ್ಲಿ 21ರ ಹರೆಯದ ಒಬ್ಬ ಜರ್ಮನ್ ಹುಡುಗ ಬಾಸೆಲ್ ಮಿಷನ್ನಿನಿಂದ ನಮ್ಮ ನಾಡಿಗೆ ಬಂದ. ಬೀಗ ಹಾಕಿದ ಖಾತೆ ಇರಲಿಲ್ಲ, ಭಾಷಾ ಪರೀಕ್ಷೆಯ ಅಂಕಪಟ್ಟಿ ಇರಲಿಲ್ಲ, ಮಲೇರಿಯಾಕ್ಕೆ ವಿಮೆ ಇರಲಿಲ್ಲ. ಮರಳುವ ಉದ್ದೇಶವೂ ಸಂದೇಹಾಸ್ಪದ: ಒಮ್ಮೆ ತಾಯ್ನಾಡಿಗೆ ಹೋದವನು ನಿಘಂಟಿನ ಕೆಲಸಕ್ಕೆಂದು ಮತ್ತೆ ಬಂದ. 1894ರಲ್ಲಿ ಮಂಗಳೂರಿನಲ್ಲಿ ಕಿಟೆಲ್ ಕೋಶ ಅಚ್ಚಾಯಿತು. ಇಂದಿನ ನಿಯಮದ ಪ್ರಕಾರ ಫರ್ಡಿನಾಂಡ್ ಕಿಟೆಲ್ ಕಿಂಡಿಯ ಬಳಿಯೇ ತಿರಸ್ಕೃತ. ಕನ್ನಡಕ್ಕೆ ಒಂದು ನಿಘಂಟು ಕಮ್ಮಿಯಾಗುತ್ತಿತ್ತು, ಕಡತ ಮಾತ್ರ ಸರಿಯಿರುತ್ತಿತ್ತು.

ಎರಡನೆಯ ಅತಿಥಿ ಬಂದದ್ದು ಆಕಾಶಮಾರ್ಗದಲ್ಲಿ. 1950ರ ದಶಕದಲ್ಲಿ ಜರ್ಮನಿಯ ಹೆಕ್ಸ್ಟ್ ಮತ್ತು ಅಮೆರಿಕದ ಎಫ್‌ಎಂಸಿ ಕಂಪನಿಗಳು ಮಾರುಕಟ್ಟೆಗೆ ಬಿಟ್ಟ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುಮಾರು 1980ರಿಂದ ಎರಡು ದಶಕ ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಲಾಯಿತು. ಕೊಕ್ಕಡ, ಪಟ್ರಮೆ, ನಿಡ್ಲೆಯ ಮನೆಗಳು ಆ ತೋಟಗಳ ಪಕ್ಕದಲ್ಲೇ ಇದ್ದವು. ಅದಕ್ಕೆ ಪ್ರವೇಶ ಸಂದರ್ಶನ ನಡೆಯಲಿಲ್ಲ. ಯಾವ ಉದ್ದೇಶಕ್ಕೆ ಬಂದೆ, ಎಷ್ಟು ದಿನ ಇರುತ್ತೀ, ವಾಪಸು ಹೋಗುತ್ತೀಯೋ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು, ಹೋಗುವುದಿಲ್ಲ ಎಂದು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. ಆ ಸಿಂಪಡಣೆಯ ನಡುವೆ ಹುಟ್ಟಿದ, ಏಳಲಾಗದ, ಮಾತು ಬಾರದ ಮಕ್ಕಳು ಅಷ್ಟರಲ್ಲಿ ದೊಡ್ಡವರಾಗಿದ್ದರು. ಸಂತ್ರಸ್ತರಿಗೆ ಹೋರಾಟದ ನಂತರ ಮಾಸಾಶನ ಬಂತು. ಪ್ರತಿ ಕಾಯಿಲೆಗೆ 1,00,000 ಡಾಲರ್ ಎಂಬ ಕನಿಷ್ಠ ಮೊತ್ತದ ನಿಯಮ ಈ ದಿಕ್ಕಿನಲ್ಲಿ ಅನ್ವಯವಾಗುವುದಿಲ್ಲ.

ಹಾಗೆಂದು ನಾವು ನಿಯಮವಿಲ್ಲದವರಲ್ಲ. ವಿದೇಶಿ ವಿದ್ಯಾರ್ಥಿನಿಯೊಬ್ಬಳು ಕೊಕ್ಕಡದ ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಊರಿಗೆ ತಿಳಿಯಲು ಅಷ್ಟು ಹೊತ್ತು ಬೇಕಿಲ್ಲ. ಅವಳು ಬಸ್ಸಿನಿಂದ ಇಳಿಯುವಾಗಲೇ ಅವಳ ಜಾತಿ, ತಂದೆಯ ಕೆಲಸ, ಮದುವೆಯ ವಿಚಾರ ಪೇಟೆಯಲ್ಲಿ ನಿರ್ಧಾರವಾಗಿರುತ್ತದೆ. ಭಾರತ ಸರ್ಕಾರದ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತಿನ ವಿದ್ಯಾರ್ಥಿವೇತನದಲ್ಲಿ ಬರುವವರು ವರ್ಷಕ್ಕೆ 5 ಲಕ್ಷ ರೂಪಾಯಿಯ ವಿಮೆ ಮಾಡಿಸಬೇಕು. ರಾಜ್ಯದ ಯಶಸ್ವಿನಿ ಆರೋಗ್ಯ ಯೋಜನೆಯಲ್ಲಿ ಸಹಕಾರಿ ಸಂಘದ ಹಳ್ಳಿಯ ಸದಸ್ಯನ ನಾಲ್ಕು ಜನರ ಕುಟುಂಬಕ್ಕೂ ಅದೇ 5 ಲಕ್ಷ, ಕಂತು 500 ರೂಪಾಯಿ. ಅತಿಥಿಗೂ ಮನೆಯವನಿಗೂ ಒಂದೇ ಮೊತ್ತ ಇಟ್ಟ ಈ ಸಮಾನತೆಯನ್ನು ಜಗತ್ತು ಇನ್ನೂ ಗಮನಿಸಿಲ್ಲ.

ಕೊನೆಗೆ ತಜ್ಞನ ಸಲಹೆ, ಉಚಿತವಾಗಿ. ಪಾಲಿಸಿಯಲ್ಲಿ ಏನು ಸಿಗುತ್ತದೆ ಎಂಬ ಪುಟ ಬಿಟ್ಟು ಏನು ಸಿಗುವುದಿಲ್ಲ ಎಂಬ ಪುಟವನ್ನು ಮೊದಲು ಓದಿ. ಇಲ್ಲಿ ಅಗ್ಗದ ವಿಮೆ ಕೊಳ್ಳುವ ಮೊದಲು ಅಲ್ಲಿನ ವಿಶ್ವವಿದ್ಯಾಲಯ ಅದನ್ನು ಒಪ್ಪುತ್ತದೋ ತನ್ನದನ್ನೇ ಕೊಳ್ಳಬೇಕೆನ್ನುತ್ತದೋ ಬರಹದಲ್ಲಿ ಕೇಳಿ. ಹಳೆಯ ಕಾಯಿಲೆಯನ್ನು ಮುಚ್ಚಿಡಬೇಡಿ. ಹಲ್ಲು ಇಲ್ಲೇ ತುಂಬಿಸಿ. ಮೊತ್ತಗಳು, ಶುಲ್ಕಗಳು ಆಗಾಗ ಬದಲಾಗುತ್ತವೆ, ಆದ್ದರಿಂದ ನನ್ನನ್ನೂ ಸೇರಿಸಿ ಯಾವ ತಜ್ಞನನ್ನೂ ನಂಬದೆ ಆಯಾ ದೇಶದ ಕಾನ್ಸುಲೇಟಿನ ಪ್ರಕಟಣೆಯನ್ನೇ ನೋಡಿ. ಮತ್ತೆ, ಮಗ ಹಿಂತಿರುಗಿ ಬರುತ್ತಾನೆಂದು ವೀಸಾ ಅಧಿಕಾರಿಗೆ ಬರೆದುಕೊಟ್ಟ ಪತ್ರದ ಒಂದು ನಕಲನ್ನು ಮನೆಯಲ್ಲೂ ಇಟ್ಟುಕೊಳ್ಳಿ. ಅದನ್ನು ಅವನಿಗೆ ತೋರಿಸುವ ಅಗತ್ಯ ಮುಂದೆ ಬೀಳಬಹುದು.