ಕಾಲುಚೀಲಕ್ಕೊಂದು ಕೆಂಪು ಗೀಟು

ಬಂಟ್ವಾಳದ ಸೆಕೆಯಲ್ಲಿ ಉಣ್ಣೆಯ ಕಾಲುಚೀಲ ಹಾಕುವುದೆಂದರೆ ತೋಟದ ಬಾಳೆಗಿಡಕ್ಕೆ ಕೊಡೆ ಹಿಡಿದ ಹಾಗೆ. ಆದರೂ ನಮ್ಮ ಮಾಷ್ಟ್ರಲ್ಲಿ ಒಂದು ಜೊತೆ ಉಂಟು, ಜರ್ಮನಿಯ ಮಗ ಕೊಟ್ಟದ್ದು. ಈ ಮಾಷ್ಟ್ರನ್ನು ನೀವೂ ಕಂಡಿರುತ್ತೀರಿ; ಊರಿಗೊಬ್ಬರು ಇದ್ದೇ ಇರುತ್ತಾರೆ. ಬೆಳ್ತಂಗಡಿ ಕಡೆಯ ಶಾಲೆಗಳಲ್ಲಿ ಮೂವತ್ತೈದು ವರ್ಷ ಕೆಂಪು ಶಾಯಿಯಲ್ಲಿ ಮಕ್ಕಳ ತಪ್ಪು ತಿದ್ದಿದವರು. ನಿವೃತ್ತರಾದ ಮೇಲೆ ತಿದ್ದಲು ಏನೂ ಸಿಗದೆ ಚಡಪಡಿಸಿದರು. ಒಂದು ವರ್ಷ ಮನೆಗೆ ಬಂದ ಮದುವೆ ಕಾಗದಗಳ ಒತ್ತಕ್ಷರ ತಿದ್ದಿದರು. ಅಷ್ಟರಲ್ಲಿ ಕಪಾಟಿನ ನುಸಿಗುಳಿಗೆ ಕರಗಿ, ಹುಳಗಳು ಜರ್ಮನಿಯ ಉಣ್ಣೆಯ ರುಚಿ ನೋಡಿದವು. ಹಿಮ್ಮಡಿಯಲ್ಲಿ ಅಡಿಕೆಯಷ್ಟು ದೊಡ್ಡ ತೂತು. ಮಾಷ್ಟ್ರ ಮುಖಕ್ಕೆ ಕಳೆ ಬಂತು.

“ಬಿಸಾಡಿ ಮಾರಾಯ್ರೆ, ಬಿ.ಸಿ.ರೋಡಿನಲ್ಲಿ ಹೊಸತು ಸಿಗ್ತದೆ” ಎಂದರು ಹೆಂಡತಿ.

“ಒಂದು ಅಕ್ಷರ ತಪ್ಪಿದರೆ ಇಡೀ ಪುಸ್ತಕ ಬಿಸಾಡ್ಲಿಕ್ಕುಂಟಾ?”

ಬೂದು ಬಣ್ಣದ ನೂಲಿಗಾಗಿ ಹೆಂಡತಿಯ ತವರು ಮೂಡುಬಿದಿರೆಯ ಪೇಟೆ ಸುತ್ತಿದರು. “1430ರಲ್ಲಿ ಸಾವಿರ ಕಂಬದ ಬಸದಿ ಕಟ್ಟಿದ ಊರು, ಒಂದು ಉಂಡೆ ಉಣ್ಣೆ ಇಲ್ಲವಾ?” ಎಂದು ಅಂಗಡಿಯವರಿಗೆ ಇತಿಹಾಸ ಪಾಠ ಮಾಡಿದರು. ಅಲ್ಲಿಂದ ಪೆನ್ಶನ್ ಕೆಲಸಕ್ಕೆ ಬೆಳ್ತಂಗಡಿ ಬಸ್ಸು ಹತ್ತಿದಾಗ, ವೇಣೂರು ಬರುತ್ತಲೇ ಹೆಂಡತಿ ಕೈಮುಗಿದು ಹೇಳಿದರು: “35 ಅಡಿಯ ಗೊಮ್ಮಟಸ್ವಾಮಿ 1604ರಿಂದ ಮೈಮೇಲೆ ಒಂದು ನೂಲಿಲ್ಲದೆ ನೆಮ್ಮದಿಯಲ್ಲಿ ನಿಂತಿದ್ದಾನೆ. ನಿಮಗೆ ಒಂದು ಕಾಲುಚೀಲ ಬಿಡ್ಲಿಕ್ಕೆ ಆಗುವುದಿಲ್ಲ!”

“ಅವನಿಗೂ ಹನ್ನೆರಡು ವರ್ಷಕ್ಕೊಮ್ಮೆ ಮಸ್ತಕಕ್ಕೆ ಅಭಿಷೇಕ ಉಂಟಲ್ಲ. ನಾನು ಮಾಡುವುದು ಪಾದದ್ದು.”

ಕೊನೆಗೆ ಮೊಮ್ಮಗನ ಹಳೆಯ ಸ್ವೆಟರ್ ಬಿಚ್ಚಿದರು. ಅದು ಕೆಂಪು. ಮಾಷ್ಟ್ರಿಗೆ ಬೇಕಾದದ್ದೂ ಅದೇ.

ಮರುದಿನ ಜಗಲಿಯಲ್ಲಿ ಕ್ಲಾಸು ಶುರು. ತೊಳೆದು ಬಚ್ಚಲೊಲೆಯ ಹತ್ತಿರ ಒಣಗಿಸಿದ ಕಾಲುಚೀಲದೊಳಗೆ, ಹಿಮ್ಮಡಿಯ ಜಾಗಕ್ಕೆ, ಚೆನ್ನಾಗಿ ಹೆರೆದ ಗೆರಟೆ ಇಟ್ಟರು. ಸೂಜಿಗೆ ನೂಲು ಪೋಣಿಸಲು ಪಕ್ಕದ ಮನೆಯ ಹುಡುಗನಿಗೆ ಕರೆ ಹೋಯಿತು. ಹದಿನೇಳರ ಮಗ್ಗಿ ಒಪ್ಪಿಸಿದ ಮೇಲೆಯೇ ಅವನಿಗೆ ಬಿಡುಗಡೆ. ತೂತಿನ ಅಂಚಿನಿಂದ ಅರ್ಧ ಇಂಚು ಆಚೆ, ಉಣ್ಣೆ ಗಟ್ಟಿ ಇರುವಲ್ಲಿಂದ ಸೂಜಿ ಹೊರಟಿತು. ಮೊದಲು ಉದ್ದಕ್ಕೆ ಹಾಸು. ಆಮೇಲೆ ಅಡ್ಡಕ್ಕೆ, ಒಂದೆಳೆಯ ಮೇಲೆ, ಮತ್ತೊಂದರ ಕೆಳಗೆ, ಹೊಕ್ಕು. ಬಿಗಿಯಾಗಿ ಎಳೆದರೆ ಸುಕ್ಕಾಗುತ್ತದೆ. ಗಂಟು ಹಾಕಿದರೆ ಹಿಮ್ಮಡಿಗೆ ಒತ್ತುತ್ತದೆ. “ಭಾಷಣದಲ್ಲಿ ಹಾಸುಹೊಕ್ಕು, ಹಾಸುಹೊಕ್ಕು ಅಂತಾರಲ್ಲ, ಇದೇ ಅದು” ಎಂದು ಓಡಿಹೋಗುತ್ತಿದ್ದ ಹುಡುಗನ ಬೆನ್ನಿಗೆ ಹೇಳಿದರು.

ಮರುವರ್ಷ ಮಗ ಹೊಸ ಆರು ಜೊತೆ ತಂದ. ಮಾಷ್ಟ್ರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಎಲ್ಲಿಯೂ ತಪ್ಪು ಸಿಗದೆ, ಪೆಚ್ಚಾಗಿ ಕಪಾಟಿಗೆ ಹಾಕಿದರು. ನುಸಿಗುಳಿಗೆ ಇಡಲು ಮರೆತರು. ಮರೆತದ್ದೇ ಅಥವಾ ಬೇಕೆಂದೇ ಬಿಟ್ಟದ್ದೇ ಎಂಬುದರಲ್ಲಿ ಹೆಂಡತಿಗೆ ಸಂಶಯವಿಲ್ಲ.

ಮಾಗಿಯ ಚಳಿಯಲ್ಲಿ ಗದ್ದೆಯಲ್ಲಿ ಯಕ್ಷಗಾನದ ಆಟ. ಮಾಷ್ಟ್ರು ಮಫ್ಲರ್ ಸುತ್ತಿ, ತಿದ್ದಿ ತಿದ್ದಿ ಕೆಂಪು ಬೂದು ಪಟ್ಟೆಯಾಗಿದ್ದ ಕಾಲುಚೀಲ ತೊಟ್ಟು, ಹಳೆಯ ಶಿಷ್ಯನನ್ನು ನೋಡಲು ಚೌಕಿಗೆ ಹೋದರು. ವೇಷ ಕಟ್ಟಿ ಮುಗಿಸುತ್ತಿದ್ದ ಶಿಷ್ಯ ಅವರ ಕಾಲು ನೋಡಿ ನಕ್ಕ: “ಈ ವರ್ಷ ಯಾವ ಮೇಳ ಮಾಷ್ಟ್ರೇ?”

ಮಾಷ್ಟ್ರಿಗೆ ಆ ಮಾತು ಕೇಳಿಸಲೇ ಇಲ್ಲ. ಅವರ ಕಣ್ಣು ಶಿಷ್ಯನ ಗೆಜ್ಜೆಯ ಕೆಳಗೆ, ಪಟ್ಟೆ ಕಾಲುಚೀಲದ ಒಂದು ಸಣ್ಣ ತೂತಿನ ಮೇಲೆ ನಿಂತಿತ್ತು.

“ನಾಲ್ಕನೇ ಕ್ಲಾಸಿನಲ್ಲೂ ನೀನು ಹೀಗೇ. ಕೂತ್ಕೋ” ಎಂದು ಜೇಬಿನಿಂದ ಸೂಜಿ ತೆಗೆದರು.

ಅಂದು ಭಾಗವತರು ಒಂದೇ ಪದ್ಯವನ್ನು ಮೂರು ಸಲ ಹಾಡಿದರು.